ಬರೆಯದೇ ಉಳಿದ ಸಂವಿಧಾನ: ಮೈಸೂರು ಸಂವಿಧಾನ ಸಭೆಯ ಪ್ರಕರಣ

ಬೆಂಗಳೂರಿನಲ್ಲಿ ವಿಧಾನಸೌಧಕ್ಕೆ ಎದುರಾಗಿ ನಿಂತಿರುವ ಕೆಂಪು ಕಟ್ಟಡಕ್ಕೆ ಅಠಾರಾ ಕಚೇರಿ ಎಂಬ ಹೆಸರು ಬಂದದ್ದು ಹದಿನೆಂಟು ಇಲಾಖೆಗಳು ಅಲ್ಲಿದ್ದವು ಎಂಬ ಕಾರಣಕ್ಕೆ. ಈಗ ಅಲ್ಲಿ ಹೈಕೋರ್ಟು. 1952ರ ಜೂನ್ 18ರಂದು ಬೆಳಿಗ್ಗೆ 11 ಗಂಟೆಗೆ, ಭಾರತ ಸಂವಿಧಾನದಡಿ ಆಯ್ಕೆಯಾದ ಮೈಸೂರು ವಿಧಾನಸಭೆ ಮೊದಲ ಸಲ ಸೇರಿದ್ದು ಈ ಕಟ್ಟಡದ ಒಂದು ಸಭಾಂಗಣದಲ್ಲಿ. 99 ಮಂದಿ ಚುನಾಯಿತರು, ಒಬ್ಬರು ನಾಮಕರಣಗೊಂಡವರು. ಅದಕ್ಕೆ ಮುಂಚೆ, 1950ರ ಜನವರಿ 26ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ, ರಾಜ್ಯದ ಹಂಗಾಮಿ ಶಾಸನಸಭೆಯಾಗಿ ಕೆಲಸ ಮಾಡಿದ್ದು ಬೇರೊಂದು ಸಭೆ. ಅದನ್ನು ಕರೆದದ್ದು ದಿನನಿತ್ಯದ ಶಾಸನಕ್ಕಲ್ಲ, ಮೈಸೂರಿಗೆ ಅದರದ್ದೇ ಒಂದು ಸಂವಿಧಾನ ಬರೆಯಲಿಕ್ಕೆ. ಆ ಸಂವಿಧಾನ ಬರೆಯಲ್ಪಡಲೇ ಇಲ್ಲ.

ಪ್ರಜಾಪ್ರಭುತ್ವಕ್ಕೆ ಹೊರಳಿದ ದೇಶಗಳು ಸಂವಿಧಾನ ಬರೆಯುವಾಗ ಅಲ್ಲಿನ ರಾಜಕೀಯ ಸಂಸ್ಕೃತಿ ಏನು ಮಾಡುತ್ತದೆ ಎಂಬ ಚರ್ಚೆಯಲ್ಲಿ ದಕ್ಷಿಣ ಆಫ್ರಿಕ, ಸ್ಪೇನ್, ನೇಪಾಳ ಪದೇ ಪದೇ ಬರುತ್ತವೆ. ಮೈಸೂರು ಬರುವುದೇ ಇಲ್ಲ, ತೋರಿಸಲು ಒಂದು ಸಂವಿಧಾನದ ಪ್ರತಿಯೇ ಇಲ್ಲವಲ್ಲ. ಆದರೆ ಈ ಪ್ರಶ್ನೆಗೆ ಇಷ್ಟು ಚೆನ್ನಾಗಿ ಒದಗುವ ಪ್ರಕರಣ ಕಡಿಮೆ. ಭಾರತದ ಸಂಸ್ಥಾನಗಳಲ್ಲೆಲ್ಲ ಪ್ರತಿನಿಧಿ ಸಂಸ್ಥೆಗಳ ಅಭ್ಯಾಸ ಅತಿ ಹೆಚ್ಚು ಇದ್ದ ಊರುಗಳಲ್ಲಿ ಇದು ಮುಂಚೂಣಿಯದು. ಹಾಗಿದ್ದೂ ಬರೆಯುವ ಅವಕಾಶ ಕೈಗೆ ಬಂದಾಗ ಲೇಖನಿ ಕೆಳಗಿಟ್ಟಿತು. ಯಾಕೆ, ಮತ್ತು ಹಾಗೆ ಕೆಳಗಿಟ್ಟ ಮೇಲೆ ಆ ಅಭ್ಯಾಸ ಎಲ್ಲಿ ಹೋಗಿ ಸೇರಿತು ಎಂಬುದು ಇಲ್ಲಿನ ವಿಷಯ.

ಅಹವಾಲಿನ ಸಭೆ

1881ರಲ್ಲಿ ಬ್ರಿಟಿಷರು ಆಡಳಿತವನ್ನು ಒಡೆಯರಿಗೆ ಮರಳಿಸಿದ ವರ್ಷವೇ ದಿವಾನ್ ಸಿ. ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. ಅಕ್ಟೋಬರ್ 7ರ ಮೊದಲ ಸಭೆಗೆ 144 ಮಂದಿ ಬಂದರು. ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ಜಮೀನುದಾರ ರೈತರು, ಪ್ರತಿ ಜಿಲ್ಲೆಯಿಂದ ಮೂರ್ನಾಲ್ಕು ಮಂದಿ ವರ್ತಕರು. ಚುನಾವಣೆ ಬಂದದ್ದು ಹತ್ತು ವರ್ಷದ ಮೇಲೆ, 1891ರಲ್ಲಿ. ಅದೂ ಕಂದಾಯ ಕಟ್ಟುವ ಸ್ಥಿತಿವಂತರಿಗೆ ಮತ್ತು ಓದಿದವರಿಗೆ.

ಸಭೆ ಕೂಡುತ್ತಿದ್ದದ್ದು ದಸರಾ ಹೊತ್ತಿಗೆ. ಮುಂದೆ ಮಹಾರಾಜರ ವರ್ಧಂತಿಯ ಹೊತ್ತಿಗೆ ಇನ್ನೊಂದು ಅಧಿವೇಶನ ಸೇರಿಕೊಂಡಿತು. ದಿವಾನರು ವರ್ಷದ ಆಡಳಿತದ ವರದಿ ಓದುವರು. ಆಮೇಲೆ ಸದಸ್ಯರು ಒಬ್ಬೊಬ್ಬರಾಗಿ ಎದ್ದು ತಮ್ಮ ತಾಲ್ಲೂಕಿನ ಕೆರೆ ಏರಿ, ರಸ್ತೆ, ಕುಡಿಯುವ ನೀರಿನ ಬಾವಿ, ಕಂದಾಯದ ಕಂತು, ಅಮಲ್ದಾರರ ಕಿರುಕುಳ ಇವನ್ನೆಲ್ಲ ಅರಿಕೆ ಮಾಡಿಕೊಳ್ಳುವರು. ದಿವಾನರು ಕೇಳುವರು. ಕೆಲವಕ್ಕೆ ‘ಪರಿಶೀಲಿಸಲಾಗುವುದು’, ಕೆಲವಕ್ಕೆ ‘ಸಾಧ್ಯವಿಲ್ಲ’. ಇಂದಿಗೂ ನಮ್ಮ ಶಾಸಕರು ಶೂನ್ಯವೇಳೆಯಲ್ಲಿ ಎದ್ದು ನಿಂತು ಮಾತಾಡುವ ಧಾಟಿಗೆ ಇದು ಹತ್ತಿರವೆನಿಸಿದರೆ ಆಶ್ಚರ್ಯವಿಲ್ಲ.

1907ರಲ್ಲಿ ನ್ಯಾಯವಿಧಾಯಕ ಸಭೆ ಎಂಬ ಎರಡನೆಯ ಸಭೆ ಹುಟ್ಟಿತು. ಬ್ರಜೇಂದ್ರನಾಥ ಸೀಲ್ ಸಮಿತಿಯ ವರದಿಯ ಮೇಲೆ 1923ರಲ್ಲಿ ಎರಡಕ್ಕೂ ಕಾಯಿದೆಯ ಬುನಾದಿ ಸಿಕ್ಕಿತು: ಪ್ರಜಾಪ್ರತಿನಿಧಿ ಸಭೆಗೆ 250ರಿಂದ 275, ನ್ಯಾಯವಿಧಾಯಕ ಸಭೆಗೆ 50. 1940ರ ಕಾಯಿದೆ ಇವನ್ನು 310ಕ್ಕೂ 68ಕ್ಕೂ ಏರಿಸಿತು. ಗಮನಿಸಬೇಕಾದ್ದು ಸಂಖ್ಯೆಯಲ್ಲ, ಕೆಲಸದ ಹಂಚಿಕೆ. ದೊಡ್ಡ ಸಭೆ ಅಭಿಪ್ರಾಯ ಹೇಳುವುದು, ಚಿಕ್ಕ ಸಭೆ ಕಾನೂನು ಮಾಡುವುದು, ತೀರ್ಮಾನ ದಿವಾನರದ್ದು. ಜನ ಹೆಚ್ಚಿದ್ದಷ್ಟೂ ಅಧಿಕಾರ ಕಡಿಮೆ! ಚುನಾಯಿತರಲ್ಲಿ ಕೆಲವರು ಮಂತ್ರಿಗಳಾಗಬಹುದು ಎಂದು 1940ರಲ್ಲಿ ಆಯಿತಾದರೂ, ಆ ಮಂತ್ರಿಯನ್ನು ಕೆಳಗಿಳಿಸುವ ಹಕ್ಕು ಸಭೆಗೆ ಬರಲಿಲ್ಲ.

ಹೀಗೆ 66 ವರ್ಷ ನಡೆದ ಮೇಲೆ ರಾಜಕಾರಣಿಗಳಲ್ಲಿ ಎರಡು ಗುಣ ಬೆಳೆದಿದ್ದವು. ಆಡಳಿತದ ವಿವರ ಬಲ್ಲವರು, ಲೆಕ್ಕ ಓದಬಲ್ಲವರು, ನಿಯಮ ಹಿಡಿದು ಮಾತಾಡಬಲ್ಲವರು. ಅದೇ ಹೊತ್ತಿಗೆ, ಕೊಡುವ ಕೈ ಮೇಲಿದೆ, ಬೇಡುವ ಕೈ ನಮ್ಮದು ಎಂಬ ಊಹೆ ಅವರ ಮಾತಿನ ತಳದಲ್ಲಿ ಇದ್ದೇ ಇತ್ತು. ಮೊದಲನೆಯದಕ್ಕಾಗಿ ಮೈಸೂರನ್ನು ‘ಮಾದರಿ ಸಂಸ್ಥಾನ’ ಎಂದು ಹೊಗಳುವವರು ಎರಡನೆಯದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಒಂದು ಘೋಷಣೆಯ ವ್ಯಾಕರಣ

1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳು ವಿದುರಾಶ್ವತ್ಥದ ಗೋಲಿಬಾರ್, 1942ರಲ್ಲಿ ಈಸೂರು. ಇವುಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. ನಮಗೆ ಬೇಕಾದ್ದು 1947ರ ಸೆಪ್ಟೆಂಬರ್. ಮಹಾರಾಜ ಜಯಚಾಮರಾಜ ಒಡೆಯರು ಆಗಸ್ಟ್ 9ರಂದು ಸೇರ್ಪಡೆ ಪತ್ರಕ್ಕೆ ಸಹಿ ಹಾಕಿದ್ದರು. ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ, ಈ ಮೂರು ಮಾತ್ರ ದೆಹಲಿಗೆ ಹೋದವು. ಒಳಾಡಳಿತ ಹಾಗೆಯೇ ಇತ್ತು, ದಿವಾನರೂ ಹಾಗೆಯೇ ಇದ್ದರು. ಸೆಪ್ಟೆಂಬರ್ 1ರಂದು ‘ಮೈಸೂರು ಚಲೋ’ ಶುರುವಾಯಿತು.

ಆಗ ಬೀದಿಯಲ್ಲಿ ಎದ್ದ ಕೂಗು: ‘ಆರ್ಕಾಟ್ ಬಾಯ್ಕಾಟ್, ತಂಬೂಚೆಟ್ಟಿ ಚಟ್ಟ ಕಟ್ಟಿ!’ ಆರ್ಕಾಟ್ ಎಂದರೆ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ತಂಬೂಚೆಟ್ಟಿ ಅರಮನೆಯ ಆಪ್ತ ಕಾರ್ಯದರ್ಶಿ. ಪ್ರಾಸ ಚೆನ್ನಾಗಿದೆ, ಬಾಯಿಗೆ ಕೂರುತ್ತದೆ. ಆದರೆ ಯಾರ ಹೆಸರಿದೆ, ಯಾರದಿಲ್ಲ ನೋಡಿ. ಬಾಯ್ಕಾಟ್ ಆಗಬೇಕಾದ್ದು ದಿವಾನರು, ಚಟ್ಟ ಕಟ್ಟಬೇಕಾದ್ದು ಕಾರ್ಯದರ್ಶಿಗೆ. ಮಹಾರಾಜರ ಹೆಸರೇ ಇಲ್ಲ. ಚಳವಳಿಯ ಬೇಡಿಕೆಯೂ ‘ಮಹಾರಾಜರ ಛತ್ರಛಾಯೆಯಲ್ಲಿ ಜವಾಬ್ದಾರಿ ಸರ್ಕಾರ’, ಅಂದರೆ ಚುನಾಯಿತ ಸಭೆಗೆ ಉತ್ತರ ಹೇಳುವ ಸರ್ಕಾರ. ದೊರೆ ಒಳ್ಳೆಯವರು, ಸುತ್ತ ಇರುವವರು ಕೆಟ್ಟವರು ಎಂಬ ಹಳೆಯ ನಂಬಿಕೆಯೇ ಇಲ್ಲಿ ಹೊಸ ರಾಜಕಾರಣದ ಬಟ್ಟೆ ತೊಟ್ಟಿತ್ತು.

ಸಂವಿಧಾನ ರಚನೆಯ ದೃಷ್ಟಿಯಿಂದ ಈ ಕೂಗು ತೋರಿಸುವುದು ಒಂದು ಬಹಳ ಸ್ಪಷ್ಟವಾದ ಸಂಗತಿಯನ್ನು: ಜನ ಕೇಳಿದ್ದು ಹೊಸ ನಿಯಮಾವಳಿಯನ್ನಲ್ಲ, ಕುರ್ಚಿಯಲ್ಲಿ ಬೇರೆಯವರನ್ನು. ಆ ಬೇಡಿಕೆ ಬೇಗ ಈಡೇರಿತು. ಅಕ್ಟೋಬರ್ ಕೊನೆಯ ವಾರದಲ್ಲಿ ಕೆ. ಚೆಂಗಲರಾಯ ರೆಡ್ಡಿ ಮುಖ್ಯಮಂತ್ರಿಯಾದರು. ಅದರ ಜೊತೆಗೇ ಸಂವಿಧಾನ ಸಭೆ ಎಂಬುದು ಒಪ್ಪಂದದ ಎರಡನೆಯ ಕಂತಾಗಿ ಬಂತು. ಮೊದಲ ಕಂತು ಕೈಗೆ ಸಿಕ್ಕಮೇಲೆ ಎರಡನೆಯದಕ್ಕೆ ಎಷ್ಟು ಅವಸರ ಇದ್ದೀತು?

ಇನ್ನೊಂದು ತೊಡಕು. ಮಂತ್ರಿಮಂಡಲ ಬಂದಮೇಲೂ ದಿವಾನರ ಹುದ್ದೆ ತಕ್ಷಣ ಹೋಗಲಿಲ್ಲ. ಮೊದಲಿಯಾರರು 1949ರವರೆಗೂ ಮುಂದುವರಿದರು. ಅಂದರೆ ಯಾರನ್ನು ಬಾಯ್ಕಾಟ್ ಎಂದು ಕೂಗಿದ್ದರೋ ಅವರ ಪಕ್ಕದಲ್ಲೇ ಕೂತು ಎರಡು ವರ್ಷ ಆಳಬೇಕಾಯಿತು. ಹಳೆ ಮತ್ತು ಹೊಸ ಅಧಿಕಾರ ಒಂದೇ ಕಚೇರಿಯಲ್ಲಿ ಇದ್ದಾಗ, ಇಬ್ಬರ ಗಡಿಯನ್ನು ಕಾಗದದ ಮೇಲೆ ಬರೆಯುವುದಕ್ಕಿಂತ ದಿನದಿನದ ವ್ಯವಹಾರದಲ್ಲಿ ಸರಿದೂಗಿಸುವುದೇ ಸುಲಭವೆನಿಸುತ್ತದೆ. ಹಾಗೆ ಸರಿದೂಗಿಸುವುದರಲ್ಲಿ ಮೈಸೂರಿನವರು ಪಳಗಿದವರು.

ಹದಿನೆಂಟು ತಿಂಗಳಲ್ಲಿ ಬದಲಾದ ಕೆಲಸ

1948ರ ಫೆಬ್ರುವರಿಯ ಕರಡು ಭಾರತ ಸಂವಿಧಾನ ಸಂಸ್ಥಾನಗಳ ಒಳಾಡಳಿತವನ್ನು ಅವುಗಳಿಗೇ ಬಿಟ್ಟಿತ್ತು. ಸಂವಿಧಾನ ಸಭೆ ನಿಜಕ್ಕೂ ಕರೆದದ್ದು ಮೂರು ಕಡೆ: ಮೈಸೂರು, ಸೌರಾಷ್ಟ್ರ, ತಿರುವಾಂಕೂರು–ಕೊಚ್ಚಿ. ಕಾಶ್ಮೀರದ್ದು ಬೇರೆಯೇ ದಾರಿ; ತನ್ನದೇ ಸಂವಿಧಾನ ಬರೆದು ಮುಗಿಸಿದ್ದು ಅದೊಂದೇ.

1948ರ ನವೆಂಬರ್ 4ರಂದು ಕರಡು ಮಂಡಿಸುವಾಗಲೇ ಡಾ. ಅಂಬೇಡ್ಕರ್ ಈ ಪ್ರತ್ಯೇಕ ಸಂವಿಧಾನಗಳ ವ್ಯವಸ್ಥೆಯನ್ನು ಖಂಡಿಸಿದರು. ಇದು ಹಿಂದಕ್ಕೆ ಹೋಗುವ ಹೆಜ್ಜೆ ಎಂಬುದು ಅವರ ನಿಲುವು. ಸಂಸ್ಥಾನಗಳಿಗೆ ಒಂದು ಮಾದರಿ ಸಂವಿಧಾನ ಸಿದ್ಧಪಡಿಸಲು ಬಿ.ಎನ್. ರಾವ್ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು. (ನಮ್ಮ ಕರಾವಳಿಯ ಬೆನಗಲ್ ನರಸಿಂಗ ರಾಯರೇ ಇವರು, ಅವರನ್ನು ಕನ್ನಡದವರು ನೆನೆಯುವುದು ಕಡಿಮೆ.) ಮಾದರಿ ಸಿದ್ಧವಾದಾಗ ಅದು ಬ್ರಿಟಿಷರ ನೇರ ಆಡಳಿತದಲ್ಲಿದ್ದ ಪ್ರಾಂತಗಳಿಗೆ ಬರೆದಿದ್ದ ಭಾಗಕ್ಕೆ ಬಹುತೇಕ ಹೋಲುತ್ತಿತ್ತು. ಹಾಗಿದ್ದ ಮೇಲೆ ಎರಡೆರಡು ಸಲ ಬರೆಯುವುದೇಕೆ ಎಂಬ ಪ್ರಶ್ನೆ ಸಹಜ. 1949ರ ಮೇ 19ರಂದು ದೆಹಲಿಯಲ್ಲಿ ಸಂಸ್ಥಾನಗಳ ಮುಖ್ಯಮಂತ್ರಿಗಳ ಸಭೆಯಲ್ಲಿ, ಸಂಸ್ಥಾನಗಳ ಸಂವಿಧಾನವೂ ಭಾರತ ಸಂವಿಧಾನದ ಒಳಗೇ ಇರಲಿ ಎಂದು ತೀರ್ಮಾನವಾಯಿತು.

ಆಮೇಲಿನದು ಓಟ. ಅಕ್ಟೋಬರ್ 12–13ರಂದು ಸರ್ದಾರ್ ಪಟೇಲರ ಹೇಳಿಕೆ ಮತ್ತು ಸಂಸ್ಥಾನಗಳ ಭಾಗದ ಅಂಗೀಕಾರ. ಅದೇ ತಿಂಗಳು ಮೈಸೂರು ಸಂವಿಧಾನ ಸಭೆಯ ಸಮ್ಮತಿಯ ನಿರ್ಣಯ. ನವೆಂಬರ್ 25ರಂದು ಮಹಾರಾಜರ ಘೋಷಣೆ, ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೆಂದು. ಭಾರತ ತನ್ನ ಸಂವಿಧಾನವನ್ನು ಅಂಗೀಕರಿಸಿದ್ದು ಮರುದಿನ. ದೇಶ ಒಪ್ಪುವುದಕ್ಕೂ ಒಂದು ದಿನ ಮುಂಚೆ ಮೈಸೂರು ಒಪ್ಪಿಯಾಗಿತ್ತು. ಡಿಸೆಂಬರ್‌ನಲ್ಲಿ ಪ್ರಜಾಪ್ರತಿನಿಧಿ ಸಭೆ, ನ್ಯಾಯವಿಧಾಯಕ ಸಭೆ ಎರಡೂ ವಿಸರ್ಜನೆಗೊಂಡವು.

ಇದನ್ನು ದೆಹಲಿಯ ಒತ್ತಡ ಎಂದು ಒಂದೇ ಮಾತಿನಲ್ಲಿ ಮುಗಿಸುವುದುಂಟು. ಒತ್ತಡ ಇತ್ತು, ಸುಳ್ಳಲ್ಲ. ಆದರೆ ಒತ್ತಡಕ್ಕೆ ಪ್ರತಿರೋಧ ಯಾಕೆ ಹುಟ್ಟಲಿಲ್ಲ ಎಂದು ಕೇಳಿದರೆ ಉತ್ತರ ಬೆಂಗಳೂರಿನಲ್ಲೇ ಸಿಗುತ್ತದೆ. ಮೈಸೂರಿನಿಂದ ಭಾರತದ ಸಂವಿಧಾನ ಸಭೆಗೆ ಹೋದ ಏಳು ಮಂದಿಯಲ್ಲಿ ಚೆಂಗಲರಾಯ ರೆಡ್ಡಿ, ಟಿ. ಸಿದ್ದಲಿಂಗಯ್ಯ, ಕೆ. ಹನುಮಂತಯ್ಯ, ಎಚ್. ಸಿದ್ಧವೀರಪ್ಪ ಇದ್ದರು. ರಾಜ್ಯದ ಕಾಂಗ್ರೆಸ್ಸಿನ ತಲೆಯಾಳುಗಳೇ ಇವರು. ದೆಹಲಿಯಲ್ಲಿ ಕೂತು ಒಂದು ಸಂವಿಧಾನ ಬರೆದು, ಊರಿಗೆ ಬಂದು ಇನ್ನೊಂದನ್ನು ಬರೆಯಲು ಅವರಿಗೆ ಕಾರಣವಿರಲಿಲ್ಲ. ನಿಜವಾದ ಚೌಕಾಶಿ ನಡೆದದ್ದು ಹಣದ ಮೇಲೆ. ರೈಲ್ವೆಯಂಥ ಆದಾಯದ ಮೂಲಗಳು ಕೇಂದ್ರಕ್ಕೆ ಹೋದಾಗ ರಾಜ್ಯದ ಬೊಕ್ಕಸಕ್ಕೆ ಬೀಳುವ ಖೋತಾ ತುಂಬಿಕೊಡುವವರಾರು? 278ನೇ ವಿಧಿಯ ಪ್ರಕಾರ ಹತ್ತು ವರ್ಷ ಮೀರದ ಒಪ್ಪಂದಗಳಿಗೆ ಅವಕಾಶ ಬಂತು. ದಸರಾ ಅಧಿವೇಶನದಲ್ಲಿ ಲೆಕ್ಕ ಹಿಡಿದು ವಾದಿಸಿ ಪಳಗಿದವರಿಗೆ ತತ್ತ್ವಕ್ಕಿಂತ ಇದು ಮುಖ್ಯವಾಗಿ ಕಂಡದ್ದರಲ್ಲಿ ತಪ್ಪೇನೂ ಇಲ್ಲ.

ವ್ಯಾಖ್ಯೆಯ ವಿಧಿಯಲ್ಲಿ ಅಡಗಿದ ಮೈಸೂರು

ಸ್ಥಳೀಯ ರಾಜಕೀಯ ಸಂಸ್ಕೃತಿಯ ಗುರುತನ್ನು ಪೀಠಿಕೆಯಲ್ಲೋ ಮೂಲಭೂತ ಹಕ್ಕುಗಳಲ್ಲೋ ಹುಡುಕುವುದು ವ್ಯರ್ಥ. ಅಲ್ಲಿ ಎಲ್ಲರೂ ಒಂದೇ ಭಾಷೆ ಆಡುತ್ತಾರೆ. ಹುಡುಕಬೇಕಾದ್ದು ವ್ಯಾಖ್ಯೆಗಳಲ್ಲಿ, ವಿನಾಯಿತಿಗಳಲ್ಲಿ, ‘ಇಂಥ ರಾಜ್ಯದ ಸಂಬಂಧದಲ್ಲಿ’ ಎಂದು ಶುರುವಾಗುವ ಉಪವಾಕ್ಯಗಳಲ್ಲಿ. ತಿರುವಾಂಕೂರು–ಕೊಚ್ಚಿಯವರ ದೇವಸ್ವಂ ನಿಧಿಯ, ಅಂದರೆ ದೇವಸ್ಥಾನಗಳ ನಿಧಿಯ, ವಾರ್ಷಿಕ ಹಣ ಹಾಗೆಯೇ ಒಂದು ಮೂಲೆಯಲ್ಲಿ ಸಂವಿಧಾನಕ್ಕೆ ಸೇರಿತು.

1950ರ ಪಠ್ಯದ 366ನೇ ವಿಧಿಯ 21ನೇ ಖಂಡ ತೆಗೆದು ನೋಡಿ. ಹಳೆಯ ಸಂಸ್ಥಾನಗಳಿಂದಾದ ರಾಜ್ಯದ ಮುಖ್ಯಸ್ಥನಿಗೆ ಅಲ್ಲಿ ರಾಜಪ್ರಮುಖ ಎಂದು ಹೆಸರು. ರಾಜಪ್ರಮುಖ ಎಂದರೆ ಯಾರು? ಹೈದರಾಬಾದಿನಲ್ಲಿ ನಿಜಾಮರೆಂದು ರಾಷ್ಟ್ರಪತಿ ಮಾನ್ಯ ಮಾಡಿದವರು. ಜಮ್ಮು–ಕಾಶ್ಮೀರ ಮತ್ತು ಮೈಸೂರಿನಲ್ಲಿ ಮಹಾರಾಜರೆಂದು ಮಾನ್ಯ ಮಾಡಿದವರು. ಉಳಿದ ಕಡೆ ರಾಜಪ್ರಮುಖರೆಂದೇ ಮಾನ್ಯ ಮಾಡಿದವರು. ಹಲವು ಸಂಸ್ಥಾನಗಳನ್ನು ಕೂಡಿಸಿದ ಒಕ್ಕೂಟಗಳಲ್ಲಿ ರಾಜರೊಳಗೊಬ್ಬರನ್ನು ಆರಿಸಬೇಕಿತ್ತು. ಮೈಸೂರು ಯಾವ ಒಕ್ಕೂಟಕ್ಕೂ ಸೇರದೆ ಇಡಿಯಾಗಿ ಬಂದದ್ದರಿಂದ ಮಹಾರಾಜರೇ ರಾಜ್ಯದ ಮುಖ್ಯಸ್ಥರು, ಬೇರೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಬೀದಿಯ ಘೋಷಣೆಯಲ್ಲಿ ಬಿಟ್ಟುಹೋಗಿದ್ದ ಹೆಸರು ಇಲ್ಲಿ ಬಂದು ಕೂತಿದೆ. ‘ಛತ್ರಛಾಯೆ’ ಎಂಬ ಪದಕ್ಕೆ ಸಂವಿಧಾನದ ಭಾಷೆಯಲ್ಲಿ ಸಿಕ್ಕ ಅನುವಾದ ಇದು.

ಎರಡನೆಯ ಗುರುತು 238ನೇ ವಿಧಿಯಲ್ಲಿದೆ. ‘ಬಿ’ ಭಾಗದ ರಾಜ್ಯಗಳಿಗೆ, ಅಂದರೆ ಹಳೆಯ ಸಂಸ್ಥಾನಗಳಿಂದಾದ ರಾಜ್ಯಗಳಿಗೆ, ಪ್ರಾಂತಗಳ ನಿಯಮ ಅನ್ವಯಿಸುವಾಗ ಮಾಡಿಕೊಳ್ಳಬೇಕಾದ ತಿದ್ದುಪಡಿಗಳು ಅಲ್ಲಿವೆ. ಅದರ ಪ್ರಕಾರ ಮೈಸೂರು ರಾಜ್ಯದ ಶಾಸಕಾಂಗಕ್ಕೆ ಎರಡು ಸದನ, ಉಳಿದವಕ್ಕೆ ಒಂದೇ. ‘ಬಿ’ ಭಾಗದಲ್ಲಿ ಎರಡು ಸದನ ಪಡೆದದ್ದು ಮೈಸೂರು ಮಾತ್ರ. 1907ರಿಂದ ಎರಡು ಸಭೆಗಳ ರೂಢಿ ಇದ್ದ ಊರು ಒಂದನ್ನು ಬಿಡಲು ಮನಸ್ಸು ಮಾಡಲಿಲ್ಲ. ಆದರೆ ಒಳಗಿನ ಕೆಲಸ ತಲೆಕೆಳಗಾಯಿತು: ಅಭಿಪ್ರಾಯ ಹೇಳುತ್ತಿದ್ದ ದೊಡ್ಡ ಸಭೆಯ ಜಾಗದಲ್ಲಿ ಬಂದ ವಿಧಾನಸಭೆಗೆ ಸರ್ಕಾರ ಉರುಳಿಸುವ ಬಲ, ಕಾನೂನು ಮಾಡುತ್ತಿದ್ದ ಚಿಕ್ಕ ಸಭೆಯ ಜಾಗದಲ್ಲಿ ಬಂದ ವಿಧಾನ ಪರಿಷತ್ತಿಗೆ ತಡೆದು ನಿಲ್ಲಿಸುವಷ್ಟೇ ಶಕ್ತಿ. ಪರಿಷತ್ತು ಬೇಕೆ ಬೇಡವೆ ಎಂಬ ಚರ್ಚೆ ಬೆಂಗಳೂರಿನಲ್ಲಿ ಆಗಾಗ ಏಳುತ್ತದೆ. ಅದರ ಬೇರು ಎಷ್ಟು ಹಳೆಯದೆಂದು ಚರ್ಚಿಸುವವರು ಬಹಳ ಸಲ ನೋಡುವುದಿಲ್ಲ.

ಮೂರನೆಯದು ಇವೆರಡಕ್ಕಿಂತ ಭಾರದ್ದು: ‘ಹಿಂದುಳಿದ’ ಎಂಬ ಮಾತು. 1917ರಲ್ಲಿ ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿ ಹುಟ್ಟಿತು, ಮರುವರ್ಷ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಪಾಲು ಬ್ರಾಹ್ಮಣೇತರ ಸಮುದಾಯಗಳಿಗೆ ಸಿಗಬೇಕು ಎಂಬುದು ಅದರ ಶಿಫಾರಸು. 1921ರ ಆದೇಶದ ಹೊತ್ತಿಗೆ ಮೈಸೂರಿನ ಕಚೇರಿಗಳಲ್ಲಿ ‘ಹಿಂದುಳಿದವರು’ ಎಂದರೆ ಯಾರೆಂದು ಗುಮಾಸ್ತನಿಗೂ ಗೊತ್ತಿತ್ತು. ಅದು ಅರ್ಜಿಯ ನಮೂನೆಯಲ್ಲಿನ ಪದ.

1948ರ ನವೆಂಬರ್ 30ರಂದು ದೆಹಲಿಯಲ್ಲಿ, ಹಿಂದುಳಿದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿಗೆ ಅವಕಾಶ ಕೊಡುವ ಈಗಿನ 16(4)ನೇ ವಿಧಿಯ ಕರಡು ಚರ್ಚೆಗೆ ಬಂದಾಗ ಉತ್ತರದ ಸದಸ್ಯರು ಕೇಳಿದ್ದು ಈ ಪದದ ಅರ್ಥವನ್ನೇ. ಮೈಸೂರಿನ ಟಿ. ಚನ್ನಯ್ಯ ಎದ್ದು, ದಕ್ಷಿಣದಲ್ಲಿ ಈ ಮಾತಿಗೆ ಗೊಂದಲವಿಲ್ಲ, ಅಲ್ಲಿ ಅದಕ್ಕೆ ನಿಶ್ಚಿತ ಅರ್ಥವಿದೆ ಎಂದು ವಿವರಿಸಿದರು. ಹೃದಯನಾಥ ಕುಂಜ್ರು ಹತ್ತು ವರ್ಷದ ಮಿತಿ ಹಾಕಬೇಕೆಂದರೆ, ಚನ್ನಯ್ಯನವರು ಅವಕಾಶ ತಪ್ಪಿಸಿದ 150 ವರ್ಷಗಳಷ್ಟೇ ಮೀಸಲಾತಿಯೂ ಇರಲಿ ಎಂದರು. ಟಿ.ಟಿ. ಕೃಷ್ಣಮಾಚಾರಿ ಈ ವಿಧಿ ವಕೀಲರ ಸ್ವರ್ಗ ಎಂದು ಚುಚ್ಚಿದರು. ಅಂಬೇಡ್ಕರರ ಉತ್ತರ ಚಿಕ್ಕದು: ಸರ್ಕಾರದ ಅಭಿಪ್ರಾಯದಲ್ಲಿ ಹಿಂದುಳಿದದ್ದೇ ಹಿಂದುಳಿದ ಸಮುದಾಯ. ಅಂದರೆ ಅರ್ಥ ಹಚ್ಚುವ ಕೆಲಸ ರಾಜ್ಯಗಳಿಗೆ ಹೋಯಿತು. ಆ ಕೆಲಸದಲ್ಲಿ ಮೈಸೂರಿಗೆ ಆಗಲೇ ಕಾಲು ಶತಮಾನಕ್ಕೂ ಮೀರಿದ ಅನುಭವವಿತ್ತು.

ತೊಂದರೆ ಶುರುವಾದದ್ದು ಇಲ್ಲೇ. ರೂಢಿಯಲ್ಲಿ ಸರಾಗವಾಗಿ ನಡೆಯುವ ಮಾತು ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಬೇಕಾದಾಗ ಆಧಾರ ಕೇಳುತ್ತದೆ. 1950ರ ದಶಕದ ಮಧ್ಯದಲ್ಲಿ ಮೈಸೂರು ಹೈಕೋರ್ಟು ಹಳೆಯ ವಿಂಗಡಣೆಯನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿಗಳೂ ಅದೇ ರೂಢಿಯ ಊರಿನವರಷ್ಟೆ. ಆದರೆ 1962ರ ಜುಲೈನಲ್ಲಿ ರಾಜ್ಯ ಸರ್ಕಾರ ವೃತ್ತಿಶಿಕ್ಷಣದ ಸೀಟುಗಳಲ್ಲಿ ಒಟ್ಟು 68 ಶೇಕಡ ಮೀಸಲಿಟ್ಟ ಆದೇಶ ಸುಪ್ರೀಂ ಕೋರ್ಟು ಮುಟ್ಟಿತು. ಸೆಪ್ಟೆಂಬರ್‌ನಲ್ಲಿ ಬಂದ ಬಾಲಾಜಿ ತೀರ್ಪು ಆ ಆದೇಶವನ್ನು ರದ್ದು ಮಾಡಿ, ಜಾತಿಯೊಂದೇ ಹಿಂದುಳಿದಿರುವಿಕೆಯ ಅಳತೆಗೋಲಾಗದು, ಮೀಸಲಾತಿ ಸಾಮಾನ್ಯವಾಗಿ 50 ಶೇಕಡ ದಾಟಬಾರದು ಎಂದಿತು. ಇಡೀ ದೇಶ ಇವತ್ತಿಗೂ ಗುದ್ದಾಡುತ್ತಿರುವ ಆ 50ರ ಗೆರೆ ಎಳೆದದ್ದು ಬೆಂಗಳೂರಿನಿಂದ ಹೊರಟ ಒಂದು ಸರ್ಕಾರಿ ಆದೇಶದ ಮೇಲೆ. ಕೃಷ್ಣಮಾಚಾರಿಯವರ ಮಾತು ಸುಳ್ಳಾಗಲಿಲ್ಲ.

ವೀಣೆ ಮತ್ತು ಬ್ಯಾಂಡು

ಒಪ್ಪಿದವರೆಲ್ಲ ಮನಸಾರೆ ಒಪ್ಪಿದ್ದರೆಂದು ತಿಳಿಯಬೇಕಿಲ್ಲ. 1949ರ ನವೆಂಬರ್ 17ರಂದು ಹನುಮಂತಯ್ಯನವರು, ನಮಗೆ ಬೇಕಾಗಿದ್ದದ್ದು ವೀಣೆ ಅಥವಾ ಸಿತಾರಿನ ನಾದ, ಇಲ್ಲಿ ಕೇಳಿಸುತ್ತಿರುವುದು ಇಂಗ್ಲಿಷ್ ಬ್ಯಾಂಡಿನ ಸದ್ದು ಎಂದರು. ಗಾಂಧೀಜಿ ಬಯಸಿದ್ದು ಹಳ್ಳಿಯಿಂದ ಮೇಲೇರುವ ರಚನೆ, ಇದು ಅದಕ್ಕೆ ಉಲ್ಟಾ ಎಂಬುದು ಅವರ ದೂರು. ಆದರೆ ಹಾಗೆ ಹೇಳಿದವರ ರಾಜ್ಯದಲ್ಲೇ ಒಂದು ಸಂವಿಧಾನ ಸಭೆ ಇತ್ತು, ಅದರಲ್ಲಿ ಅವರದೇ ಪಕ್ಷದ ಬಲವಿತ್ತು. ವೀಣೆ ನುಡಿಸಲು ವೇದಿಕೆ ಕೈಯಲ್ಲೇ ಇದ್ದಾಗ ಅದನ್ನು ಬಿಟ್ಟುಕೊಟ್ಟು ಮೂರು ವಾರ ಆಗಿರಲಿಲ್ಲ. ಇದನ್ನು ಆಷಾಢಭೂತಿತನ ಎನ್ನಲಾರೆವು. ಅಹವಾಲಿನ ಸಂಸ್ಕೃತಿಯಲ್ಲಿ ಬೆಳೆದ ರಾಜಕಾರಣಕ್ಕೆ ಕೊರತೆ ಹೇಳುವುದು ಸಹಜ, ಅದನ್ನು ವಿಧಿಯಾಗಿ ಬರೆದು ಮುಂದಿಡುವುದು ಅಭ್ಯಾಸವಿಲ್ಲ.

ಮುಖ್ಯಮಂತ್ರಿಯಾದ ಮೇಲೆ ಅವರು ಆ ವೀಣೆಯನ್ನು ಕಲ್ಲಿನಲ್ಲಿ ನುಡಿಸಿದರು. ಅಠಾರಾ ಕಚೇರಿಯ ಎದುರು, 1951ರ ಜುಲೈ 13ರಂದು ನೆಹರೂ ಅಡಿಗಲ್ಲಿಟ್ಟಿದ್ದ ಜಾಗದಲ್ಲಿ, ನಕ್ಷೆಯನ್ನೇ ಬದಲಾಯಿಸಿ ದ್ರಾವಿಡ ಶೈಲಿಯ ಗ್ರಾನೈಟ್ ಸೌಧ ಎಬ್ಬಿಸಿದರು. ಒಳಗೆ ನಡೆಯುವ ಕಲಾಪದ ನಿಯಮ ಬ್ಯಾಂಡಿನವರದ್ದೇ.

ಸೌಧ 1956ರಲ್ಲಿ ಮುಗಿಯಿತು. ಅದೇ ವರ್ಷ ಏಳನೇ ತಿದ್ದುಪಡಿ ‘ಬಿ’ ಭಾಗವನ್ನು ತೆಗೆದುಹಾಕಿತು. 238ನೇ ವಿಧಿ ಹೋಯಿತು, 366ರ ಆ ಖಂಡವೂ ಹೋಯಿತು. ಎರಡು ಸದನ ಉಳಿದವು. ನವೆಂಬರ್ 1ರಂದು ರಾಜಪ್ರಮುಖರ ಹುದ್ದೆ ಇಲ್ಲವಾಗಿ, ವಿಶಾಲ ಮೈಸೂರಿಗೆ ರಾಜ್ಯಪಾಲರು ಬಂದರು. ಆ ಕುರ್ಚಿಯಲ್ಲಿ ಕೂತವರು ಜಯಚಾಮರಾಜ ಒಡೆಯರು.